ವಿಎಂವೇರ್, ಹೈಪರ್-ವಿ, ಕೆವಿಎಂ: ಮೊದಲು ಯಾವ ಸರ್ಟಿಫಿಕೇಟ್ ಮಾಡಬೇಕು?

ಬಳ್ಳಾರಿ, ಕೊಪ್ಪಳ ಕಡೆ ಡಿಪ್ಲೊಮಾ, ಬಿಸಿಎ, ಬಿಇ ಮುಗಿಸಿದವರು ಪದೇ ಪದೇ ಕೇಳುವ ಪ್ರಶ್ನೆ ಇದು: ಸರ್ವರ್ ಕಡೆ ಕೆಲಸ ಬೇಕು, ವರ್ಚುವಲೈಸೇಷನ್‌ನಲ್ಲಿ ಯಾವ ಸರ್ಟಿಫಿಕೇಟ್ ಮಾಡಲಿ? ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೊಸಬರಾದರೆ ಲಿನಕ್ಸ್‌ನಿಂದ ಶುರು ಮಾಡಿ. ಈಗಾಗಲೇ ಕೆಲಸದಲ್ಲಿದ್ದರೆ ನಿಮ್ಮ ಆಫೀಸಿನ ಸರ್ವರ್ ರೂಮಿನಲ್ಲಿ ಏನು ಓಡುತ್ತಿದೆಯೋ ಅದನ್ನೇ ಹಿಡಿಯಿರಿ.

ಒಂದೇ ಸರ್ವರ್ ಮೇಲೆ ಹತ್ತಾರು ವರ್ಚುವಲ್ ಕಂಪ್ಯೂಟರ್‌ಗಳನ್ನು (ಇವನ್ನೇ ಮುಂದೆ ‘ಮೆಷಿನ್’ ಎನ್ನುತ್ತೇನೆ) ಬೇರೆ ಬೇರೆಯಾಗಿ ನಡೆಸುವುದೇ ವರ್ಚುವಲೈಸೇಷನ್, ಅದನ್ನು ಮಾಡುವ ಸಾಫ್ಟ್‌ವೇರ್‌ಗೆ ಹೈಪರ್‌ವೈಸರ್ ಎನ್ನುತ್ತಾರೆ. ವಿಎಂವೇರ್ ಕಂಪನಿಯದು ಒಂದು, ಮೈಕ್ರೋಸಾಫ್ಟ್‌ನ ಹೈಪರ್-ವಿ ಒಂದು, ಲಿನಕ್ಸ್‌ನ ಕೆವಿಎಂ ಇನ್ನೊಂದು. ಕಂಪನಿ ಯಾವುದೇ ಇರಲಿ, ಮೂಲ ಕೆಲಸ ಇದೇ. ಆದ್ದರಿಂದ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಮನೆಯಲ್ಲೇ ಒಂದು ಸಣ್ಣ ಲ್ಯಾಬ್ ಮಾಡಿಕೊಳ್ಳಿ.

ಮೊದಲು ನಿಮ್ಮ ಕಂಪ್ಯೂಟರ್ ನೋಡಿ

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಒತ್ತಿ, ಸಿಪಿಯು ಆರಿಸಿ. ಕೆಳಗೆ ‘ವರ್ಚುವಲೈಸೇಷನ್: ಎನೇಬಲ್ಡ್’ ಅಂತ ಇದ್ದರೆ ಸರಿ. ‘ಡಿಸೇಬಲ್ಡ್’ ಇದ್ದರೆ ಬಯೋಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟಿಂಗ್ಸ್‌ಗೆ) ಹೋಗಿ ಇಂಟೆಲ್ ವಿಟಿ-ಎಕ್ಸ್ ಅಥವಾ ಎಎಂಡಿಯ ಎಸ್‌ವಿಎಂ ಆನ್ ಮಾಡಿ. 16 ಜಿಬಿ ರ್‍ಯಾಮ್ ಇದ್ದರೆ ಆರಾಮ. 8 ಜಿಬಿಯಲ್ಲೂ ಒಂದೆರಡು ಸಣ್ಣ ಮೆಷಿನ್ ನಡೆಸಬಹುದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲೇಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಡಿಸ್ಕ್ ಬರೆಯುತ್ತಿರುವಾಗ ಹೋದರೆ ಮೆಷಿನ್ ಮತ್ತೆ ಏಳದೆಯೂ ಇರಬಹುದು.

ಹಳೇ ಡೆಸ್ಕ್‌ಟಾಪ್ ಸುಮ್ನೆ ಬಿದ್ದಿದ್ದರೆ ಅದಕ್ಕೆ ಪ್ರಾಕ್ಸ್‌ಮಾಕ್ಸ್ ಎಂಬ ವರ್ಚುವಲೈಸೇಷನ್ ಸಾಫ್ಟ್‌ವೇರ್ ಹಾಕಿ. ಇದು ಉಚಿತ. ಡೆಬಿಯನ್ ಲಿನಕ್ಸ್ ಮತ್ತು ಕೆವಿಎಂ ಮೇಲೆ ನಿಂತಿದೆ. ಆದರೆ ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ, ಫೋಟೊ, ಪ್ರಾಜೆಕ್ಟ್ ಎಲ್ಲ ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ. ಒಂದೇ ಲ್ಯಾಪ್‌ಟಾಪ್ ಇದೆ ಅನ್ನುವವರಿಗೆ, ವಿಂಡೋಸ್ ಒಳಗೇ ಮೆಷಿನ್ ನಡೆಸುವ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಇದೆ. 2024ರ ನವೆಂಬರ್‌ನಿಂದ ಅದು ಎಲ್ಲರಿಗೂ ಉಚಿತ.

ಈಗ ಎರಡು ಲಿನಕ್ಸ್ ಮೆಷಿನ್ ಮಾಡಿ, ಒಂದರಿಂದ ಇನ್ನೊಂದಕ್ಕೆ ಪಿಂಗ್ (ನೆಟ್‌ವರ್ಕ್ ಸಂಪರ್ಕ ಇದೆಯೇ ಎಂದು ನೋಡುವ ಆಜ್ಞೆ) ಹೋಗುವಂತೆ ಮಾಡಿ. ಒಂದರ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಯ ದಾಖಲೆ) ತೆಗೆದು, ಬೇಕಂತಲೇ ಅದನ್ನು ಕೆಡಿಸಿ, ಹಿಂದಕ್ಕೆ ತನ್ನಿ. ಇದನ್ನು ಕಣ್ಣಾರೆ ನೋಡಿದ ಮೇಲೆ ಸ್ನ್ಯಾಪ್‌ಶಾಟ್ ಅಂದರೇನೇ ಬ್ಯಾಕಪ್ ಅಂತ ಅನ್ನಿಸಬಹುದು. ಅಲ್ಲ. ಡಿಸ್ಕ್ ಸತ್ತರೆ ಮೆಷಿನ್, ಸ್ನ್ಯಾಪ್‌ಶಾಟ್ ಎರಡೂ ಹೋಗುತ್ತವೆ. ವಿಎಂವೇರ್‌ನಲ್ಲಂತೂ ಹಳೇ ಸ್ನ್ಯಾಪ್‌ಶಾಟ್ ಅಳಿಸದೆ ಬಿಟ್ಟರೆ ಬದಲಾವಣೆ ಬರೆದುಕೊಳ್ಳುವ ಫೈಲ್ ಬೆಳೆಯುತ್ತಲೇ ಹೋಗಿ ಸ್ಟೋರೇಜ್ ತುಂಬಿ, ನಡೆಯುತ್ತಿದ್ದ ಮೆಷಿನ್ ನಿಂತುಬಿಡುತ್ತದೆ. ಸಂದರ್ಶನಕ್ಕೆ ಹೋಗುವ ಮೊದಲು ಇಷ್ಟನ್ನು ಮಾಡಿ ನೋಡಿಯೇ ಹೋಗಿ.

ಆಮೇಲೆ ಕೆಲಸ ಎಲ್ಲಿದೆ ನೋಡಿ

ಬೆಂಗಳೂರು, ಹೈದರಾಬಾದ್‌ನ ಜಾಹೀರಾತುಗಳನ್ನು ಒಂದು ವಾರ ಓದಿ. ‘ಅನುಭವ ಬೇಡ’ ಎನ್ನುವವರು ಏನು ಕೇಳುತ್ತಾರೆ ಎಂದು ಬೇರೆಯಾಗಿ ಬರೆದಿಡಿ. ಊರ ಹತ್ತಿರವೇ ಇರಬೇಕೆಂದರೆ ತೋರಣಗಲ್ಲು, ಗಿಣಿಗೇರಿ ಕಡೆಯ ಕಾರ್ಖಾನೆ, ಆಸ್ಪತ್ರೆ, ಕಾಲೇಜುಗಳ ಐಟಿ ವಿಭಾಗದಲ್ಲಿರುವ ಸೀನಿಯರ್‌ಗಳನ್ನು ನೇರವಾಗಿ ಕೇಳಿ: ‘ಅಣ್ಣಾ, ನಿಮ್ಮಲ್ಲಿ ಯಾವ ಹೈಪರ್‌ವೈಸರ್ ಐತಿ?’

ಹೊಸಬರಿಗೆ ನಾನು ಹೇಳುವುದು ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಸರ್ಟಿಫಿಕೇಟ್. ಅದು ಲಿನಕ್ಸ್ ಪರೀಕ್ಷೆ, ವರ್ಚುವಲೈಸೇಷನ್ ಪರೀಕ್ಷೆಯಲ್ಲ. ಆದರೆ ಕೆವಿಎಂ 2007ರಿಂದ ಲಿನಕ್ಸ್ ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಭಾಗವೇ ಆಗಿದೆ. ಪ್ರಾಕ್ಸ್‌ಮಾಕ್ಸ್, ನ್ಯೂಟನಿಕ್ಸ್ ಕಂಪನಿಯ ಹೈಪರ್‌ವೈಸರ್ ಎಎಚ್‌ವಿ ಎರಡಕ್ಕೂ ಕೆವಿಎಂ ಬುನಾದಿ. ಪರೀಕ್ಷೆಯಲ್ಲಿ ನಾಲ್ಕರಲ್ಲಿ ಒಂದು ಆರಿಸುವ ಪ್ರಶ್ನೆಗಳಿಲ್ಲ. ಮೆಷಿನ್ ಕೊಟ್ಟು ಕೆಲಸ ಮಾಡಿಸುತ್ತಾರೆ. ನೀವು ಮಾಡಿದ್ದು ರೀಬೂಟ್ ಆದ ಮೇಲೂ ಉಳಿದಿರಬೇಕು. ಅದಕ್ಕೇ ಈ ಸರ್ಟಿಫಿಕೇಟ್ ಮೇಲೆ ನನಗೆ ಜಾಸ್ತಿ ನಂಬಿಕೆ.

ವಿಎಂವೇರ್ ಕಥೆ ಈಗ ಬೇರೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡಿತು. ಒಂದು ಸಲ ದುಡ್ಡು ಕೊಟ್ಟು ಕಾಯಂ ಬಳಸುವ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿ, ಎಲ್ಲವನ್ನೂ ಚಂದಾ ಲೆಕ್ಕಕ್ಕೆ ತಂದಿತು. ಖರ್ಚು ಏರಿದ್ದರಿಂದ ಬೇರೆ ದಾರಿ ಹುಡುಕುತ್ತಿರುವ ಕಂಪನಿಗಳಿವೆ. ಹಾಗಂತ ವಿಎಂವೇರ್ ಮುಗಿಯಿತು ಅಂತಲ್ಲ, ದೊಡ್ಡ ಡೇಟಾ ಸೆಂಟರ್‌ಗಳು ಒಂದೇ ದಿನಕ್ಕೆ ಬದಲಾಗುವುದಿಲ್ಲ. ನಿಮ್ಮ ಆಫೀಸಿನಲ್ಲಿ ವಿಎಂವೇರ್‌ನ ಸರ್ವರ್ ಸಾಫ್ಟ್‌ವೇರ್ ವಿಸ್ಫಿಯರ್ ಇದ್ದರೆ ಅದೇ ಕಂಪನಿಯ ವಿಸಿಪಿ ಸರ್ಟಿಫಿಕೇಟ್ ಮಾಡಿ, ಖರ್ಚನ್ನು ಆಫೀಸಿನವರೇ ಕೊಡುತ್ತಾರಾ ಕೇಳಿ. ಕೈಯಿಂದ ಹಾಕಿ ಮಾಡುವ ಹೊಸಬರಿಗೆ ಇದು ಎರಡನೇ ಹೆಜ್ಜೆ.

ವಿಂಡೋಸ್ ಸರ್ವರ್ ಕಡೆ ಇರುವವರಿಗೆ ಹೈಪರ್-ವಿ ಸಾಕು. ವಿಂಡೋಸ್ ಹೋಮ್‌ನಲ್ಲಿ ಅದು ಸಿಗುವುದಿಲ್ಲ, ಪ್ರೊ ಬೇಕು. ಇನ್ನೂ ಎಂಸಿಎಸ್‌ಇ ಎಂಬ ಹಳೇ ಮೈಕ್ರೋಸಾಫ್ಟ್ ಸರ್ಟಿಫಿಕೇಟ್ ಕೊಡಿಸುತ್ತೇವೆ ಎನ್ನುವ ತರಬೇತಿ ಕೇಂದ್ರ ಕಂಡರೆ ದುಡ್ಡು ಕಟ್ಟಬೇಡಿ. ಮೈಕ್ರೋಸಾಫ್ಟ್ ಅದನ್ನು 2021ರ ಜನವರಿಯಲ್ಲೇ ನಿಲ್ಲಿಸಿದೆ. ಈಗ ಅಜೂರ್ (ಮೈಕ್ರೋಸಾಫ್ಟ್‌ನ ಕ್ಲೌಡ್) ಅಡ್ಮಿನಿಸ್ಟ್ರೇಟರ್‌ನಂಥವು ನಡೆಯುತ್ತಿವೆ. ಆ ಸರ್ಟಿಫಿಕೇಟ್ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ಆದರೆ ಆನ್‌ಲೈನ್‌ನಲ್ಲಿ ಉಚಿತವಾಗಿ ನವೀಕರಿಸಿಕೊಳ್ಳಬಹುದು.

ಪರೀಕ್ಷೆ ಬುಕ್ ಮಾಡುವಾಗ

ಮನೆಯಿಂದಲೂ ಬರೆಯಬಹುದು. ಅದಕ್ಕೆ ಬೇರೆ ಯಾರೂ ಬಾರದ ರೂಮು, ಕೈಕೊಡದ ನೆಟ್, ಕರೆಂಟ್ ಮೂರೂ ಬೇಕು. ಇವುಗಳಲ್ಲಿ ಒಂದರ ಮೇಲೆ ಅನುಮಾನ ಇದ್ದರೂ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕೇಂದ್ರಕ್ಕೇ ಹೋಗಿ ಬರೆಯಿರಿ. ಬುಕ್ ಮಾಡುವ ಮುನ್ನ ಗುರುತಿನ ಚೀಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಇರುವುದು ನಮ್ಮಲ್ಲಿ ಮಾಮೂಲಿ, ಅಲ್ವಾ? ಆ ದಿನ ತೋರಿಸುವ ಗುರುತಿನ ಚೀಟಿಯಲ್ಲಿ ಹೆಸರು ಹೇಗಿದೆಯೋ ಹಾಗೇ, ಅಕ್ಷರ ಬಿಡದೆ ತುಂಬಿ.