ಗುಮಾಸ್ತರ ಮಗಳು ಪ್ಯಾರಾಲೀಗಲ್ ಆಗಿದ್ದು

ನಮ್ಮಪ್ಪ ಹಾಸನದಲ್ಲಿ ವಕೀಲರೊಬ್ಬರ ಗುಮಾಸ್ತರಾಗಿದ್ದರು. ಕೇಸ್ ಡೈರಿ ಬಗಲಲ್ಲಿ ಇಟ್ಟುಕೊಂಡೇ ಮನೆಗೆ ಬರುತ್ತಿದ್ದರು. ನಾನು ಮಾತ್ರ ಬಿಕಾಂ ಓದಿ, ಮದುವೆಯಾಗಿ, ಕ್ಯಾಲಿಫೋರ್ನಿಯಾಕ್ಕೆ ಬಂದೆ. ನಲವತ್ತು ದಾಟಿದ ಮೇಲೆ ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಪ್ಯಾರಾಲೀಗಲ್ ಕೋರ್ಸಿಗೆ ಸೇರಿದೆ. ಪ್ಯಾರಾಲೀಗಲ್ ಅಂದರೆ ವಕೀಲರ ಕೈಕೆಳಗೆ ಕಾನೂನಿನ ಕೆಲಸ ಮಾಡುವ ಸಹಾಯಕರು.

ಇಲ್ಲಿ ಯಾರು ಬೇಕಾದರೂ ಪ್ಯಾರಾಲೀಗಲ್ ಅಂತ ಬೋರ್ಡು ಹಾಕಿಕೊಳ್ಳೋ ಹಾಗಿಲ್ಲ. ರಾಜ್ಯದ ಕಾನೂನೇ ಅರ್ಹತೆ ಹೇಳುತ್ತದೆ. ನಾನು ಹಿಡಿದ ದಾರಿಯಲ್ಲಿ ಕಾನೂನಿನ ವಿಷಯಗಳೇ ಕನಿಷ್ಠ 24 ಸೆಮಿಸ್ಟರ್ ಯೂನಿಟ್ (ಪಾಠದ ಪ್ರಮಾಣ ಅಳೆಯುವ ಲೆಕ್ಕ) ಆಗಬೇಕು. ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್, ಅಂದರೆ 1104 ಡಾಲರ್. ಪುಸ್ತಕದ ಖರ್ಚು ಬೇರೆ, ಅದು ಸ್ವಲ್ಪ ಜಾಸ್ತಿಯೇ.

ಸಂಜೆ ಕ್ಲಾಸು. ಹಗಲು ಕೆಲಸ ಮುಗಿಸಿ ಬಂದವರೇ ಹೆಚ್ಚು. ಕಾಂಟ್ರಾಕ್ಟು, ಟಾರ್ಟು (ಒಬ್ಬರಿಂದ ಇನ್ನೊಬ್ಬರಿಗೆ ಹಾನಿಯಾದರೆ ಪರಿಹಾರ ಕೇಳುವ ಕಾನೂನು) ಹೇಗೋ ಅರ್ಥವಾಯಿತು. ನನ್ನನ್ನು ಕಾಡಿದ್ದು ಸಿವಿಲ್ ಪ್ರೊಸೀಜರ್, ಅಂದರೆ ಸಿವಿಲ್ ಕೇಸು ನಡೆಸುವ ನಿಯಮಗಳು, ಅದರಲ್ಲೂ ದಿನ ಎಣಿಸುವ ಲೆಕ್ಕ.

2022ರ ಒಂದು ಲೆಕ್ಕ ಕೊಟ್ಟಿದ್ದರು. ಮಾರ್ಚ್ 1ರಂದು ಪ್ರತಿವಾದಿಯ ಕೈಗೇ ಸಮನ್ಸ್ ಕೊಟ್ಟಿದ್ದಾರೆ. 30 ದಿನದಲ್ಲಿ ಉತ್ತರ ಹಾಕಬೇಕು. ಕೊನೆಯ ದಿನ ಯಾವುದು? ಇಷ್ಟೇ ತಾನೇ ಅಂದುಕೊಂಡು ಮಾರ್ಚ್ 30 ಅಂತ ಬರೆದೆ. ತಪ್ಪು. ಸಮನ್ಸ್ ಕೊಟ್ಟ ದಿನ ಲೆಕ್ಕಕ್ಕೆ ಬರೋದಿಲ್ಲ. ಹಾಗಾದರೆ 31? ಅದೂ ತಪ್ಪು! ಅವತ್ತು ಸೀಸರ್ ಚಾವೆಜ್ ದಿನ. ರೈತ ಕೂಲಿಗಳಿಗಾಗಿ ಹೋರಾಡಿದವರ ಹೆಸರಲ್ಲಿ ಇಲ್ಲಿನ ರಾಜ್ಯ ಕೋರ್ಟುಗಳಿಗೆ ರಜೆ ಇತ್ತು. ಸರಿಯುತ್ತರ ಏಪ್ರಿಲ್ 1.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿಕೊಂಡೆ. ನಕ್ಕರು. "ನಮ್ಮಲ್ಲೂ ಮೊದಲನೇ ದಿನ ಬಿಡ್ತೀವಿ ಕಣಮ್ಮ. ಕೋರ್ಟು ಮುಚ್ಚಿದ್ರೆ ತೆಗೆದ ದಿನ ಹಾಕ್ತೀವಿ. ಇದಕ್ಕೆ ಅಲ್ಲಿಗೆ ಹೋಗಿ ಫೀಸ್ ಕಟ್ಟಿದೆಯಾ?" ಆಮೇಲೆ ನಾನು ಮಾಡಿದ ಮೊದಲ ಕೆಲಸ, ಕೋರ್ಟಿನ ರಜೆಪಟ್ಟಿ ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದ್ದು.

ಕೋರ್ಸು ಮುಗಿದ ಮೇಲೆ ಸಣ್ಣ ಲಾ ಆಫೀಸೊಂದರಲ್ಲಿ ಕೆಲಸ ಸಿಕ್ಕಿತು. ಸಿನಿಮಾದಲ್ಲಿ ನೋಡುವ ಕೋರ್ಟು ವಾದವೆಲ್ಲ ನಮ್ಮ ಪಾಲಿಗಿಲ್ಲ. ಸಾವಿರಾರು ಪುಟದ ದಾಖಲೆಗಳಿಗೆ ಬೇಟ್ಸ್ ನಂಬರ್ (ಪ್ರತಿ ಪುಟಕ್ಕೂ ಒಂದು ಕ್ರಮಸಂಖ್ಯೆ) ಹಾಕೋದು, ಎದುರು ಪಕ್ಷಕ್ಕೆ ಕೇಳುವ ಪ್ರಶ್ನೆಗಳ ಕರಡು ಮಾಡೋದು, ಗಡುವುಗಳನ್ನು ಕ್ಯಾಲೆಂಡರಿಗೆ ಏರಿಸೋದು. ನನಗೆ ಇದೇ ಇಷ್ಟ.

ಕಷ್ಟ ಇರೋದು ಬೇರೆ ಕಡೆ. ನಮ್ಮ ಕನ್ನಡದವರಿಗೆ ಸುದ್ದಿ ಮುಟ್ಟಿತು. "ನೀವು ಲಾ ಓದಿದ್ದೀರಲ್ವಾ, ಮನೆ ಓನರ್ ಡೆಪಾಸಿಟ್ ವಾಪಸ್ ಕೊಡ್ತಿಲ್ಲ, ಏನು ಮಾಡಲಿ?" ಅಂತ ಫೋನು. ಪ್ಯಾರಾಲೀಗಲ್ ಯಾರಿಗೂ ಕಾನೂನು ಸಲಹೆ ಕೊಡುವಂತಿಲ್ಲ. ವಕೀಲರ ಕೈಕೆಳಗೇ ಕೆಲಸ ಮಾಡಬೇಕು. ಉತ್ತರ ಗೊತ್ತಿದ್ದರೂ ಬಾಯಿ ಕಟ್ಟಿಕೊಂಡಿರಬೇಕು. ವಕೀಲರಿಲ್ಲದವರಿಗೆ ನೆರವಾಗುವ ಕೋರ್ಟಿನ ಸೆಲ್ಫ್ ಹೆಲ್ಪ್ ಸೆಂಟರಿಗೆ ಹೋಗಿ ಅಂತ ಹೇಳುತ್ತೇನೆ. ಕೆಲವರಿಗೆ ಬೇಜಾರು. "ಒಂದು ಮಾತು ಹೇಳಿದ್ರೆ ಏನು ಗಂಟು ಹೋಗುತ್ತೆ?" ಅಂತ ಒಬ್ಬ ಆಂಟಿ ಕೇಳಿಯೇಬಿಟ್ಟರು. ಯುಗಾದಿ ಊಟದಲ್ಲಿ ಸಿಕ್ಕಾಗಲೂ ಅವರು ಮುಖ ತಿರುಗಿಸಿಕೊಂಡೇ ಇದ್ದರು.