ಎಲ್‌ಇಡಿ ಬಲ್ಬ್ ಕೊಳ್ಳುವ ಮುಂಚೆ

ನಮ್ಮ ಮೈಸೂರಿನ ಹಳೆ ಮನೆಗಳಲ್ಲಿ ದೇವರ ಕೋಣೆಗೋ ಹಜಾರಕ್ಕೋ ಇನ್ನೂ ಹಳೇ ಜೀರೋ ಬಲ್ಬ್ ಇರುತ್ತದೆ. ಹೆಸರಷ್ಟೇ ಜೀರೋ, ಎಳೆಯುವುದು ಸುಮಾರು 15 ವ್ಯಾಟ್! ರಾತ್ರಿ 10 ಗಂಟೆ ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಅದೇ ಹೋಲ್ಡರ್‌ಗೆ ಅರ್ಧ ವ್ಯಾಟ್‌ನ ಎಲ್‌ಇಡಿ ನೈಟ್ ಬಲ್ಬ್ ಹಾಕಿದರೆ ತಿಂಗಳಿಗೆ ಕಾಲು ಯೂನಿಟ್ ಕೂಡ ಆಗಲ್ಲ. ಗೃಹಜ್ಯೋತಿ ಇದ್ದವರಿಗೂ ಯೂನಿಟ್ ಮಿತಿ ಇದೆಯಲ್ವಾ, ಅವರೂ ಯೋಚಿಸಬಹುದು.

ದೊಡ್ಡ ಬಲ್ಬ್ ಕೊಳ್ಳುವಾಗ ವ್ಯಾಟ್ ಮಾತ್ರ ನೋಡಬೇಡಿ, ಡಬ್ಬಿ ಮೇಲೆ ಲ್ಯೂಮೆನ್ ನೋಡಿ. ಬೆಳಕು ಎಷ್ಟು ಅಂತ ಹೇಳುವುದು ಅದೇ. 9 ವ್ಯಾಟ್ ಎಲ್‌ಇಡಿ 900 ಲ್ಯೂಮೆನ್ ಕೊಟ್ಟರೆ ಒಳ್ಳೆಯದು, ಹಳೇ 60 ವ್ಯಾಟ್ ಬಲ್ಬಿಗಿಂತ ಕಮ್ಮಿ ಏನಿಲ್ಲ. ಮಲಗುವ ಕೋಣೆಗೆ 2700 ಅಥವಾ 3000 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಬರೆದಿರುವ ಹಳದಿ ಬೆಳಕು ತಗೊಳ್ಳಿ. 6500 ಕೆ ಬಿಳಿ ಬೆಳಕು ರಾತ್ರಿ ಕಣ್ಣಿಗೆ ಚುಚ್ಚುತ್ತದೆ. ಅಡುಗೆಮನೆಗೆ ಪರವಾಗಿಲ್ಲ.

ಅಗ್ಗ ಅಂತ ರಸ್ತೆ ಬದಿಯಲ್ಲಿ ಹೆಸರಿಲ್ಲದ ಮಾಲು ತರುವುದಕ್ಕಿಂತ, ಐಎಸ್‌ಐ ಗುರುತು ಅಥವಾ ಸರ್ಕಾರಿ ಗುಣಮಟ್ಟ ಸಂಸ್ಥೆ ಬಿಐಎಸ್ ಕೊಡುವ ನೋಂದಣಿ ಸಂಖ್ಯೆ, ವಿದ್ಯುತ್ ಉಳಿತಾಯ ತೋರಿಸುವ ಬಿಇಇ ಸ್ಟಾರ್, ವಾರಂಟಿ ಇರುವುದನ್ನೇ ಕೇಳಿ. ಅಂಗಡಿಯಲ್ಲೇ ಹಚ್ಚಿ ತೋರಿಸಲು ಹೇಳಿ, ಬಿಲ್ಲು ಇಟ್ಟುಕೊಳ್ಳಿ. ಬಿಲ್ಲಿಲ್ಲದಿದ್ದರೆ ವಾರಂಟಿ ಸುಮ್ನೆ ಮಾತಷ್ಟೇ. ನಾಲ್ಕೈದು ಒಟ್ಟಿಗೆ ತಗೊಂಡರೆ ರೇಟು ಇಳಿಸುತ್ತಾರೆ, ಕೇಳೋಕೆ ನಾಚಿಕೆ ಬೇಡ.

ಇನ್ನೊಂದು. ಸ್ವಿಚ್ ಆಫ್ ಮಾಡಿದ ಮೇಲೂ ಬಲ್ಬ್ ಮಂಕಾಗಿ ಮಿನುಗುತ್ತಿದ್ದರೆ ದೆವ್ವ ಅಲ್ಲ, ಸ್ವಿಚ್‌ನಲ್ಲಿರುವ ಇಂಡಿಕೇಟರ್ ದೀಪ ಎಷ್ಟೋ ಸಲ ಕಾರಣ. ಎಲೆಕ್ಟ್ರಿಷಿಯನ್‌ಗೆ ಹೇಳಿ ಸಾದಾ ಸ್ವಿಚ್ ಹಾಕಿಸಿ.