ವಿಳಾಸದಲ್ಲಿ ಅಟ್ಲಾಂಟಾ ಎಂದಿದ್ದ ಮಾತ್ರಕ್ಕೆ

ಅಟ್ಲಾಂಟಾದ ಪಕ್ಕದ ಡಿಕೇಟರ್‌ನಲ್ಲಿ ಮನೆ ಹಿಡಿದ ವರ್ಷ ಮಗಳನ್ನು ಶಾಲೆಗೆ ಸೇರಿಸಲು ಹೋದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಲಸಿಕೆಯ ಪ್ರಮಾಣಪತ್ರ, ಕಣ್ಣು ಕಿವಿ ಹಲ್ಲುಗಳ ತಪಾಸಣೆಯ ಹಾಳೆ ಎಲ್ಲವನ್ನೂ ಜೋಡಿಸಿಕೊಂಡು ಹೋಗಿದ್ದೆವು. ಮೇಜಿನ ಹಿಂದೆ ಕುಳಿತಿದ್ದವರು ನಮ್ಮ ವಿಳಾಸವನ್ನು ಕಂಪ್ಯೂಟರಿನಲ್ಲಿ ಹುಡುಕಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಕ್ಷೆಯ ಮೇಲೊಂದು ದಪ್ಪ ಗೆರೆ, ನಮ್ಮ ಅಪಾರ್ಟ್‌ಮೆಂಟು ಅದರ ಆಚೆ. “ನಿಮ್ಮ ಅಂಚೆ ವಿಳಾಸ ಡಿಕೇಟರ್. ಆದರೆ ನಿಮ್ಮ ಮನೆ ಡಿಕೇಟರ್ ನಗರದೊಳಗೆ ಇಲ್ಲ” ಎಂದರು ಮೆಲುದನಿಯಲ್ಲಿ. ಆ ಪುಟ್ಟ ನಗರ ತಾನೇ ನಡೆಸುವ ಶಾಲೆಗಳನ್ನು ನೆಚ್ಚಿಕೊಂಡೇ ನಾವು ಕರಾರಿಗೆ ಸಹಿ ಹಾಕಿದ್ದೆವು. ಮಗಳು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ, ಶಾಲೆಗೆ ಸೇರಿದಳು, ಚೆನ್ನಾಗಿಯೇ ಓದಿದಳು. ಆದರೂ ಸಹಿ ಹಾಕುವ ಮೊದಲು ಯಾರಾದರೂ ಹೇಳಿದ್ದರೆ ಎಂದು ಆ ವರ್ಷವಿಡೀ ಅನಿಸುತ್ತಿತ್ತು. ಈಗ ಬರುತ್ತಿರುವವರಿಗೆ ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ ಅಂಚೆ ಇಲಾಖೆ ಊರಿನ ಹೆಸರು ಕೊಡುವುದು ಕಾಗದ ಹಂಚುವ ಅನುಕೂಲಕ್ಕೆ. ನಗರದ ಗಡಿಗೂ ಅದಕ್ಕೂ ಸಂಬಂಧವಿಲ್ಲ. ಆನೇಕಲ್ ಕಡೆಯ ಪಂಚಾಯಿತಿಗೆ ಕಂದಾಯ ಕಟ್ಟುವ ಮನೆಯ ವಿಳಾಸದಲ್ಲೂ ಬೆಂಗಳೂರು ಎಂದಿರುವುದನ್ನು ಕಂಡವರಿಗೆ ಇದು ಹೊಸದಲ್ಲ. ಇಲ್ಲಿ ಮಾತ್ರ ಆ ಗೆರೆಯ ಮೇಲೆ ನಿಮ್ಮ ಬದುಕಿನ ಬಹುಪಾಲು ನಿಂತಿರುತ್ತದೆ. 2020ರ ಜನಗಣತಿಯ ಪ್ರಕಾರ ಅಟ್ಲಾಂಟಾ ನಗರದ ಜನಸಂಖ್ಯೆ ಐದು ಲಕ್ಷಕ್ಕೂ ತುಸು ಕಡಿಮೆ. ಸುತ್ತಲಿನ ಮಹಾನಗರ ಪ್ರದೇಶವನ್ನೆಲ್ಲ ಸೇರಿಸಿದರೆ ಅದು 60 ಲಕ್ಷ ದಾಟುತ್ತದೆ. ಅಂದರೆ “ಅಟ್ಲಾಂಟಾದಲ್ಲಿದ್ದೇವೆ” ಎನ್ನುವ ಹತ್ತು ಜನರಲ್ಲಿ ಒಂಬತ್ತು ಮಂದಿ ಅಟ್ಲಾಂಟಾದಲ್ಲಿಲ್ಲ. ನಗರದ ಹೆಸರು ಹೊತ್ತ ಬೇಸ್‌ಬಾಲ್ ತಂಡ ಬ್ರೇವ್ಸ್ ಕೂಡ 2017ರಿಂದ ಆಡುತ್ತಿರುವುದು ನಗರದ ಹೊರಗೆ, ಕಾಬ್ ಕೌಂಟಿಯಲ್ಲಿ. ಆ ಕ್ರೀಡಾಂಗಣದ ಅಂಚೆ ವಿಳಾಸ ಮಾತ್ರ ಅಟ್ಲಾಂಟಾ. ಪಾಸ್‌ಪೋರ್ಟ್ ಕೆಲಸಕ್ಕೆ ನಾವು ನೆನೆಯುವ ಭಾರತದ ಕಾನ್ಸುಲೇಟ್ ಇರುವುದು ಸ್ಯಾಂಡಿ ಸ್ಪ್ರಿಂಗ್ಸ್‌ನಲ್ಲಿ. ಅದು 2005ರಲ್ಲಿ ಬೇರೆ ನಗರವಾಯಿತು.

ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲಿ 159 ಕೌಂಟಿಗಳಿವೆ. ಆಸ್ತಿ ತೆರಿಗೆ, ಶಾಲೆ, ಕಾರಿನ ನೋಂದಣಿ, ಮತದಾನ, ನ್ಯಾಯಾಲಯ ಎಲ್ಲಕ್ಕೂ ಮೊದಲ ಪ್ರಶ್ನೆ ಒಂದೇ: ಯಾವ ಕೌಂಟಿ? ನೃಪತುಂಗ ಕನ್ನಡ ಕೂಟದ ಸಮಾರಂಭಗಳಲ್ಲಿ ಊಟದ ಸಾಲಿನಲ್ಲಿ ನಿಂತ ಹಳಬರು ಹೊಸಬರನ್ನು ಊರು ಯಾವುದು ಎಂದು ವಿಚಾರಿಸಿದ ಮರುಗಳಿಗೆಯೇ ಕೌಂಟಿ ಯಾವುದು ಎಂದು ಕೇಳುವುದು ಇದಕ್ಕೇ. ಡಿಕೇಟರ್ ಇರುವ ಕೌಂಟಿಯ ಹೆಸರು ಹೇಳುವಾಗ ಒಂದು ಎಚ್ಚರ, ಬರೆಯುವಾಗ ಡಿಕಾಲ್ಬ್ ಆದರೂ ಇಲ್ಲಿನವರ ಬಾಯಲ್ಲಿ ಅದು ಡಿಕ್ಯಾಬ್. ಮನೆ ಒಪ್ಪಿಕೊಳ್ಳುವ ಮೊದಲು ಆ ಶಾಲಾ ಜಿಲ್ಲೆಯ ಜಾಲತಾಣದಲ್ಲಿ ಮನೆ ಸಂಖ್ಯೆಯನ್ನೂ ಬೀದಿಯನ್ನೂ ಹಾಕಿ ಯಾವ ಶಾಲೆಗೆ ಸೇರುತ್ತದೆ ಎಂದು ನೀವೇ ನೋಡಿ. ಮನೆ ತೋರಿಸುವವರ ಬಾಯಿಮಾತನ್ನು ನೆಚ್ಚಬೇಡಿ. ಇಲ್ಲಿ ಶಾಲೆಗಳು ಆಗಸ್ಟ್ ಆರಂಭದಲ್ಲೇ ತೆರೆಯುತ್ತವೆ. ಸೆಪ್ಟೆಂಬರಿಗೆ ಬಂದರಾಯಿತು ಎಂದುಕೊಂಡವರ ಮಕ್ಕಳಿಗೆ ಒಂದು ತಿಂಗಳ ಪಾಠ ತಪ್ಪಿರುತ್ತದೆ. ಬಾಡಿಗೆ ಮುಂಗಡದ ವಿಷಯದಲ್ಲಿ ಒಂದು ಸಮಾಧಾನದ ಸುದ್ದಿಯಿದೆ: 2024ರ ಜುಲೈಯಿಂದ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ.

ಅಮೆರಿಕದ ದಕ್ಷಿಣದ ಊರುಗಳಲ್ಲಿ ರೈಲೇ ಇಲ್ಲ ಎನ್ನುವುದು ಇನ್ನೊಂದು ನಂಬಿಕೆ. ಅಟ್ಲಾಂಟಾದಲ್ಲಿ 1979ರಿಂದ ಇಲ್ಲಿನ ಸಾರಿಗೆ ಸಂಸ್ಥೆ ಮಾರ್ಟಾದ ರೈಲು ಓಡುತ್ತಿದೆ, 38 ನಿಲ್ದಾಣಗಳಿವೆ. ವಿಮಾನ ನಿಲ್ದಾಣದ ಕಟ್ಟಡದೊಳಗೇ ರೈಲು ಹತ್ತಿ ಮುಕ್ಕಾಲು ಗಂಟೆಯಲ್ಲಿ ಉತ್ತರದ ಕೊನೆಯ ನಿಲ್ದಾಣ ನಾರ್ತ್ ಸ್ಪ್ರಿಂಗ್ಸ್‌ನಲ್ಲಿ ಇಳಿಯಬಹುದು. ಆದರೆ ನಮ್ಮವರು ಹೆಚ್ಚಾಗಿ ನೆಲೆಸಿರುವ ಆಲ್ಫರೆಟಾ, ಜಾನ್ಸ್ ಕ್ರೀಕ್, ಸುವಾನಿ, ಕಮಿಂಗ್ ಯಾವುದಕ್ಕೂ ರೈಲು ಬರುವುದಿಲ್ಲ. ಇದಕ್ಕೆ ಕಾರಣ ಹಣವೊಂದೇ ಅಲ್ಲ. ತೆರಿಗೆ ಕೊಟ್ಟು ಮಾರ್ಟಾಕ್ಕೆ ಸೇರಬೇಕೇ ಎಂಬ 1971ರ ಮತದಾನದಲ್ಲಿ ಫುಲ್ಟನ್ ಮತ್ತು ಡಿಕಾಲ್ಬ್ ಕೌಂಟಿಗಳು ಒಪ್ಪಿದವು, ಗ್ವಿನೆಟ್ ಮತ್ತು ಕ್ಲೇಟನ್ ಒಪ್ಪಲಿಲ್ಲ. ಕಾಬ್ ಅದಕ್ಕೂ ಮೊದಲೇ, 1965ರಲ್ಲಿ, ಬೇಡ ಎಂದಿತ್ತು. ರೈಲು ಬಂದರೆ ನಗರದ ಕರಿಯರೂ ಬರುತ್ತಾರೆ ಎಂಬ ಬಿಳಿಯರ ಭಯ ಆ ನಿರಾಕರಣೆಯ ಹಿಂದೆ ಬಲವಾಗಿ ಕೆಲಸ ಮಾಡಿತ್ತು. ಕ್ಲೇಟನ್ 2014ರಲ್ಲಿ ಸೇರಿತು. ಗ್ವಿನೆಟ್ 1990ರಲ್ಲೂ 2019ರಲ್ಲೂ ಮತ್ತೆ ಬೇಡ ಎಂದಿತು. ಆಲ್ಫರೆಟಾ ಫುಲ್ಟನ್ ಕೌಂಟಿಯಲ್ಲಿರುವುದರಿಂದ ಅಲ್ಲಿ ಸಾಮಾನು ಕೊಂಡಾಗಲೆಲ್ಲ ನೀವು ಮಾರ್ಟಾ ತೆರಿಗೆ ಕೊಡುತ್ತೀರಿ, ರೈಲು ಮಾತ್ರ ನಿಮ್ಮೂರಿನ ದಕ್ಷಿಣಕ್ಕೇ ನಿಂತುಬಿಡುತ್ತದೆ. ಕಚೇರಿ ಮಿಡ್‌ಟೌನಿನಲ್ಲಿದ್ದರೆ ನಾರ್ತ್ ಸ್ಪ್ರಿಂಗ್ಸ್‌ವರೆಗೆ ಕಾರಿನಲ್ಲಿ ಹೋಗಿ ಅಲ್ಲಿಂದ ರೈಲು ಹಿಡಿಯುವುದು ಒಳ್ಳೆಯ ದಾರಿ. ನಾನು ಆರು ವರ್ಷ ಹಾಗೆಯೇ ಓಡಾಡಿದ್ದೇನೆ.

ಹಾಗಾಗಿ ಕಾರು ಬೇಕೇ ಬೇಕು. ಈ ರಾಜ್ಯದಲ್ಲಿ ನೆಲೆಸಿದ 30 ದಿನಗಳೊಳಗೆ ಜಾರ್ಜಿಯಾದ ಲೈಸೆನ್ಸ್ ಪಡೆಯಬೇಕು, ಕಾರನ್ನೂ ಇಲ್ಲಿ ನೋಂದಾಯಿಸಬೇಕು. ಭಾರತದ ಲೈಸೆನ್ಸ್ ಮಾತ್ರ ಇರುವವರು ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಕೊಡಬೇಕಾಗುತ್ತದೆ. ಬೇರೆ ರಾಜ್ಯದಿಂದ ಕಾರು ತಂದವರು ಅದರ ಮೌಲ್ಯದ ಶೇ. 3ರಷ್ಟು ತೆರಿಗೆ ಕಟ್ಟಬೇಕೆಂಬುದು ಹಲವರಿಗೆ ಕೌಂಟಿಯ ಕಿಟಕಿಯ ಮುಂದೆ ನಿಂತಾಗಲೇ ಗೊತ್ತಾಗುತ್ತದೆ. ಆ ಹಣವನ್ನು ಮೊದಲೇ ಎತ್ತಿಡಿ. ಮಹಾನಗರದ 13 ಕೌಂಟಿಗಳಲ್ಲಿ ಹೊಗೆ ತಪಾಸಣೆಯೂ ಕಡ್ಡಾಯ. ತೀರಾ ಹೊಸ ಕಾರುಗಳಿಗೆ ವಿನಾಯಿತಿಯಿದೆ.

ಹೈಸ್ಕೂಲು ವಯಸ್ಸಿನ ಮಕ್ಕಳಿರುವವರು ಮುಂದಿನ ಮಾತನ್ನು ದಯವಿಟ್ಟು ಎರಡು ಸಲ ಓದಿ. ಜಾರ್ಜಿಯಾದಲ್ಲಿ ಹೋಪ್ ಎಂಬ ವಿದ್ಯಾರ್ಥಿವೇತನವಿದೆ. ಲಾಟರಿಯ ಆದಾಯದಿಂದ 1993ರಿಂದ ನಡೆಯುತ್ತಿದೆ, ಒಳ್ಳೆಯ ಅಂಕ ಪಡೆದವರಿಗೆ ರಾಜ್ಯದ ಕಾಲೇಜುಗಳಲ್ಲಿ ಬೋಧನಾ ಶುಲ್ಕದ ಭಾರ ಇಳಿಸುತ್ತದೆ. “ಇಲ್ಲಿ ಓದಿದರೆ ಕಾಲೇಜು ಹೆಚ್ಚುಕಡಿಮೆ ಉಚಿತ” ಎಂಬ ಮಾತು ನಮ್ಮವರಲ್ಲಿ ಓಡಾಡುತ್ತಿರುವುದು ಇದರಿಂದಲೇ. ಆದರೆ ಅದು ಅಮೆರಿಕದ ಪೌರರಿಗೆ, ಗ್ರೀನ್ ಕಾರ್ಡ್ ಇರುವಂಥವರಿಗೆ. ಕೆಲಸದ ವೀಸಾದಲ್ಲಿ ಬಂದವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿರುವ ಮಗು ಒಂದನೇ ತರಗತಿಯಿಂದ ಇಲ್ಲೇ ಓದಿ ಶಾಲೆಗೇ ಮೊದಲಿಗಳಾಗಿ ಬಂದರೂ ಅದಕ್ಕೆ ಹೋಪ್ ಸಿಗುವುದಿಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ನಮ್ಮ ಮನೆಗಳಲ್ಲಿ ಇದು ಹನ್ನೆರಡನೇ ತರಗತಿಯಲ್ಲಿ ಬಂದೆರಗುವ ಪೆಟ್ಟು. ಅದೇ ಅಂಕ ಪಡೆದ ಗೆಳತಿಗೆ ಸಿಕ್ಕಿದ್ದು ತನಗೇಕಿಲ್ಲ ಎಂದು ಕೇಳುವ ಮಗುವಿಗೆ ಉತ್ತರ ಕೊಡುವುದು ಬಹಳ ಕಷ್ಟ. ಒಂಬತ್ತನೇ ತರಗತಿಯಲ್ಲೇ ಮನೆಮಂದಿಯೆಲ್ಲ ಕುಳಿತು ಇದನ್ನು ಮಾತಾಡಿಕೊಳ್ಳಿ.

ಹವೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಕ್ಷಿಣವೆಂದರೆ ಸದಾ ಸೆಕೆ ಎಂದುಕೊಂಡು ಸ್ವೆಟರ್ ತರದೆ ಬರಬೇಡಿ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಮಾರ್ಚ್ ಕೊನೆಗೆ ಪೈನ್ ಮರಗಳ ಪರಾಗ ಕಾರಿನ ಮೇಲೆ ಅರಿಶಿನ ಎರಚಿದ ಹಾಗೆ ಕೂರುತ್ತದೆ, ಬೆರಳಿನಿಂದ ಹೆಸರು ಬರೆಯಬಹುದು. ಉಬ್ಬಸವಿರುವ ಮಕ್ಕಳಿಗೆ ಫೆಬ್ರವರಿಯಲ್ಲೇ ವೈದ್ಯರನ್ನು ಕಾಣಿಸಿ. ಹಿಮದ ಮುನ್ಸೂಚನೆ ಬಂದ ದಿನ ಕಾರು ಹೊರತೆಗೆಯಬೇಡಿ. 2014ರ ಜನವರಿ 28ರಂದು ಬಿದ್ದದ್ದು ಎರಡು ಮೂರು ಅಂಗುಲ ಹಿಮ, ಅಷ್ಟಕ್ಕೇ ಜನ ಹೆದ್ದಾರಿಯಲ್ಲಿ ರಾತ್ರಿ ಕಳೆದರು, ಮಕ್ಕಳು ಶಾಲೆಯಲ್ಲೇ ಮಲಗಿದರು.

ಇನ್ನು ಎಲ್ಲರೂ ಮೆತ್ತಗೆ ಕೇಳುವ ಪ್ರಶ್ನೆ: ದಕ್ಷಿಣದಲ್ಲಿ ನಮ್ಮಂಥವರಿಗೆ ಕಷ್ಟವೇ? 1974ರಲ್ಲಿ ಮೇನಾರ್ಡ್ ಜಾಕ್ಸನ್ ಮೇಯರ್ ಆದಂದಿನಿಂದ ಇಂದಿನವರೆಗೆ ಅಟ್ಲಾಂಟಾದ ಮೇಯರ್ ಆದವರೆಲ್ಲರೂ ಕಪ್ಪುವರ್ಣೀಯರೇ. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದೂ ಇಲ್ಲಿಯೇ. ಹಾಗೆಂದು ಹಳೆಯದೆಲ್ಲ ಅಳಿಸಿಹೋಗಿದೆ ಎಂದುಕೊಳ್ಳುವುದೂ ತಪ್ಪು. ಪಾನ್ಸ್ ಡಿ ಲಿಯಾನ್ ರಸ್ತೆಯನ್ನು ದಾಟುತ್ತಲೇ ಬ್ರಯರ್‌ಕ್ಲಿಫ್ ರಸ್ತೆ ಮೋರ್‌ಲ್ಯಾಂಡ್ ಆಗುತ್ತದೆ, ಮನ್ರೋ ಡ್ರೈವ್ ಬುಲೆವಾರ್ಡ್ ಆಗುತ್ತದೆ. ಬಿಳಿಯರ ಮನೆಗಳ ವಿಳಾಸ ಕರಿಯರ ಮನೆಗಳ ವಿಳಾಸದಂತೆ ಇರಬಾರದೆಂದು ಒಂದೇ ರಸ್ತೆಗೆ ಎರಡು ಹೆಸರಿಟ್ಟ ಕಾಲದ ಗುರುತು ಅದು. ಇಂದು ನಮ್ಮ ಜನ ಒಳ್ಳೆಯ ಶಾಲೆಗಳಿಗಾಗಿ ಹುಡುಕಿಕೊಂಡು ಹೋಗುವ ಫೋರ್ಸೈತ್ ಕೌಂಟಿಯಿಂದ 1912ರಲ್ಲಿ ಸಾವಿರಕ್ಕೂ ಹೆಚ್ಚು ಕಪ್ಪುವರ್ಣೀಯರನ್ನು ಬೆದರಿಸಿ ಓಡಿಸಲಾಗಿತ್ತು. ಅವರು ಬಿಟ್ಟುಹೋದ ಹೊಲಗಳಲ್ಲಿ ಎಷ್ಟೋ ಬೇರೆಯವರ ಪಾಲಾದವು. 1987ರ ಜನವರಿಯಲ್ಲಿ ಅಲ್ಲಿ ಸೌಹಾರ್ದ ನಡಿಗೆ ಹೊರಟವರ ಮೇಲೆ ಕಲ್ಲು ಬಿದ್ದವು. ಮರುವಾರ ಸುಮಾರು 20,000 ಜನ ಬಂದು ನಡೆದರು. ಅದೇ ನೆಲದ ಬಡಾವಣೆಗಳಲ್ಲಿ ಈಗ ದೀಪಾವಳಿಯ ಹಣತೆಗಳು ಉರಿಯುತ್ತವೆ. ಅಲ್ಲಿ ನಮಗೆ ಮನೆ ಕೊಳ್ಳಲು ದಾರಿ ತೆರೆದವರು ಯಾರು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಬಂದ ಮೊದಲ ತಿಂಗಳಲ್ಲೇ ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ರೈಲಿನಲ್ಲಿ ಕಿಂಗ್ ಮೆಮೋರಿಯಲ್ ನಿಲ್ದಾಣಕ್ಕೆ ಹೋಗಿ. ಅಲ್ಲಿಂದ ನಡೆದರೆ ಆಬರ್ನ್ ಅವೆನ್ಯೂ ಸಿಗುತ್ತದೆ. ಕಿಂಗ್ ಅವರ ಸಮಾಧಿ, ಅವರು ಪ್ರವಚನ ಮಾಡಿದ ಎಬೆನೀಜರ್ ಚರ್ಚು, ಸಂದರ್ಶಕರ ಕೇಂದ್ರ ಎಲ್ಲವೂ ಹತ್ತಿರದಲ್ಲೇ ಇವೆ, ಪ್ರವೇಶ ಶುಲ್ಕವಿಲ್ಲ. ಕೇಂದ್ರದ ಹೊರಗೆ ಕೋಲು ಹಿಡಿದು ನಡೆಯುತ್ತಿರುವ ಗಾಂಧಿಯ ಪ್ರತಿಮೆಯಿದೆ. ನನ್ನ ಮಗಳು ಮೊದಲ ಸಲ ಅಲ್ಲಿಗೆ ಹೋದಾಗ ಅಜ್ಜನ ಮನೆಯ ಗೋಡೆಯ ಮೇಲಿದ್ದ ಚಿತ್ರ ನೆನಪಾಗಿ, “ಇವರು ಇಲ್ಲಿಗೆ ಯಾಕೆ ಬಂದರು, ಅಪ್ಪಾ?” ಎಂದು ಕೇಳಿದಳು. ಅದಕ್ಕೆ ಉತ್ತರ ಹೇಳುತ್ತ ಹೇಳುತ್ತ ನಾವು ನಿಲ್ದಾಣದವರೆಗೂ ನಡೆದು ಬಂದೆವು.